ನಾವಡರ ಕ್ಯಾಸೆಟ್ಟು, ಮೂಕ ಲ್ಯಾಪ್‌ಟಾಪು

ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಸದ್ದು ಬರಿಸುವುದು ಒಂದು ಕಾಲಕ್ಕೆ ಬೇರೆಯದೇ ವಿದ್ಯೆಯಾಗಿತ್ತು. ಪರದೆ ಬೆಳಗುತ್ತಿತ್ತು, ಕೀಲಿಮಣೆ ಹೇಳಿದ ಮಾತು ಕೇಳುತ್ತಿತ್ತು, ಇಂಟರ್ನೆಟ್ಟೂ ಹೇಗೋ ಸಿಗುತ್ತಿತ್ತು. ಹಾಡು ಹಾಕಿದರೆ ಮಾತ್ರ ಪ್ಲೇಯರಿನ ಗೀಟು ಮುಂದೆ ಮುಂದೆ ಓಡುತ್ತಿದ್ದರೂ ಸ್ಪೀಕರು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ; ಅವರ ಲ್ಯಾಪ್‌ಟಾಪಿನಲ್ಲಿ ಮೊದಲ ದಿನವೇ ಎಲ್ಲವೂ ಕೇಳುತ್ತದೆ. ಹಾಗೆ ಕೇಳುವಂತಾದದ್ದು ಹೇಗೆಂಬುದು ನನಗೆ ಅಷ್ಟಿಷ್ಟು ಗೊತ್ತು. 2008ರ ಬೇಸಿಗೆಯ ಎಷ್ಟೋ ರಾತ್ರಿಗಳು ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ಕೆಲಸಕ್ಕೆ ಹೋಗಿದ್ದವು.

ಲಿನಕ್ಸ್ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನಲ್ಲಿ. ತೊಂಬತ್ತರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜತೆ ಲಿನಕ್ಸ್ ಸಿಡಿ ಬರುತ್ತಿತ್ತು. ಅದರ ಹಿಂದಿದ್ದವರು ಅತುಲ್ ಚಿಟ್ನಿಸ್. 2001ರಿಂದ ‘ಲಿನಕ್ಸ್ ಬೆಂಗಳೂರು’ ಸಮಾವೇಶಗಳನ್ನು ಕಟ್ಟಿದವರಲ್ಲಿ ಮುಖ್ಯರೂ ಅವರೇ. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಪಿಸಿಗೆ ಸೌಂಡ್ ಬ್ಲಾಸ್ಟರ್ 16 ಕಾರ್ಡು ಸಿಕ್ಕಿಸಿದರೆ, ಅದು ಎಲ್ಲಿ ಕೂತಿದೆಯೆಂದು ಲಿನಕ್ಸಿಗೆ ನಾವೇ ಹೇಳಬೇಕಿತ್ತು: ಪೋರ್ಟ್ 220, ಐಆರ್‌ಕ್ಯೂ 5, ಡಿಎಂಎ 1. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ತಂತ್ರಾಂಶವಿತ್ತು. ಅಂಕಿಗಳು ಸರಿಬಿದ್ದರೆ ಅದು ಸಾಕ್ಷಾತ್ ಲಿನಸ್ ತೋರ್ವಾಲ್ಡ್ಸ್ ಅವರ ಧ್ವನಿಯನ್ನೇ ಕೇಳಿಸುತ್ತಿತ್ತು. ತನ್ನ ಹೆಸರು ಹೇಳಿ, ಲಿನಕ್ಸನ್ನು ತಾನು ಹೇಗೆ ಉಚ್ಚರಿಸುತ್ತೇನೆಂದು ತಿಳಿಸುವ ಕೆಲವೇ ಸೆಕೆಂಡುಗಳ ತುಣುಕು. ಆ ಫಿನ್ಲೆಂಡಿನ ರಾಗದ ಇಂಗ್ಲಿಷು ಕಿವಿಗೆ ಬಿದ್ದ ಮೇಲೆಯೇ ನಮಗೆ ಊಟ.

ಆ ಕಾಲದ ತೊಂದರೆ ಸರಳವಾಗಿತ್ತು. ಹೆಚ್ಚಿನವರ ಬಳಿ ಇದ್ದದ್ದು ಬೆರಳೆಣಿಕೆಯ ಬಗೆಯ ಕಾರ್ಡುಗಳು. ಅವುಗಳ ಅಂಕಿಗಳು ಡಬ್ಬಿಯೊಳಗಿನ ಕೈಪಿಡಿಯಲ್ಲೇ ಇರುತ್ತಿದ್ದವು. ಒಬ್ಬನಿಗೆ ಸರಿಹೋದದ್ದು ಇನ್ನೊಬ್ಬನಿಗೂ ಸರಿಹೋಗುತ್ತಿತ್ತು. ಲಿನಕ್ಸಿಗೆ ಮೊದಲು ಸದ್ದು ಕೊಟ್ಟವರು ಫಿನ್ಲೆಂಡಿನ ಹನ್ನು ಸಾವೊಲೈನೆನ್. 1992ರಲ್ಲಿ ಅವರು ಬರೆಯತೊಡಗಿದ ಡ್ರೈವರುಗಳೇ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶಗಳೇ, ಮುಂದೆ ಓಎಸ್‌ಎಸ್ ಆದವು. ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಕಾರ್ಡಿಗೆ ಡ್ರೈವರ್ ಬರೆಯಲು ಹೊರಟ ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆಲ್ಸಾ ಎಂಬ ಹೊಸ ಡ್ರೈವರ್ ವ್ಯವಸ್ಥೆ ಶುರುಮಾಡಿದರು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನೆಲ್ಲಿನೊಂದಿಗೆ (ಕರ್ನೆಲ್ ಎಂದರೆ ಲಿನಕ್ಸಿನ ತಿರುಳು) ಆಲ್ಸಾ ಎಲ್ಲರ ಮನೆಗೂ ಬಂತು. ಅದರ ಒಂದು ಗುಣ ಹೊಸಬರನ್ನು ಬಹಳ ಕಾಡುತ್ತಿತ್ತು: ಆಲ್ಸಾ ಡ್ರೈವರು ಎದ್ದಾಗ ಎಲ್ಲ ಚಾನೆಲ್ಲುಗಳ ಬಾಯಿಯನ್ನೂ ಕಟ್ಟಿಯೇ ಏಳುತ್ತಿತ್ತು. ಆಲ್ಸಾಮಿಕ್ಸರ್ ತೆರೆದು, ಸಾಲಾಗಿ ನಿಂತ ಕಂಬಗಳ ಬುಡದಲ್ಲಿರುವ ‘ಎಂಎಂ’ ಗುರುತನ್ನು ಒಂದೊಂದಾಗಿ ತೆಗೆಯಬೇಕು. ಸದ್ದಿಲ್ಲ ಎಂದು ಗೋಳಾಡುತ್ತ ಬಂದವರಿಗೆ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆಯೇ “ಮ್ಯೂಟ್ ತೆಗೆದ್ಯಾ?”

ನಿಜವಾದ ಗೊಂದಲ ಶುರುವಾದದ್ದು 2004ರಲ್ಲಿ ಇಂಟೆಲ್ ಹೈ ಡೆಫಿನಿಷನ್ ಆಡಿಯೋ ಬಂದ ಮೇಲೆ. 1997ರಿಂದ ನಡೆದುಬಂದಿದ್ದ ಎಸಿ 97 ಪದ್ಧತಿಯ ಜಾಗಕ್ಕೆ ಇದು ಬಂತು. ಪದ್ಧತಿಯೇನೋ ಚೆಂದವಾಗಿತ್ತು: 192 ಕಿಲೋಹರ್ಟ್ಸ್‌ವರೆಗಿನ ಸ್ಪಷ್ಟತೆ, ಎಂಟು ಚಾನೆಲ್ಲು, ಒಂದೇ ತೂತನ್ನು ಬೇಕೆಂದಾಗ ಮೈಕಿಗೂ ಸ್ಪೀಕರಿಗೂ ಬಳಸುವ ಅನುಕೂಲ. ಆದರೆ ಅದು ತಯಾರಕರಿಗೆ ಕೊಟ್ಟ ಸ್ವಾತಂತ್ರ್ಯವೂ ಅಷ್ಟೇ ದೊಡ್ಡದು. ಸದ್ದಿನ ಚಿಪ್ಪಿನ ಯಾವ ಕಾಲಿಗೆ ಸ್ಪೀಕರಿನ ತಂತಿ, ಯಾವುದಕ್ಕೆ ಹೆಡ್‌ಫೋನು, ಯಾವುದು ಖಾಲಿ ಎಂಬುದನ್ನು ಲ್ಯಾಪ್‌ಟಾಪ್ ಮಾಡುವವರು ತಮಗೆ ತೋಚಿದಂತೆ ನಿರ್ಧರಿಸಬಹುದಿತ್ತು. ಒಂದೇ ಚಿಪ್ಪಿರುವ ಎರಡು ಲ್ಯಾಪ್‌ಟಾಪುಗಳ ಒಳದಾರಿ ಒಂದೇ ಆಗಿರಬೇಕೆಂದಿಲ್ಲ.

2008ರ ಆಗಸ್ಟ್ ಕೊನೆಗೆ ಷಿಕಾಗೋದಲ್ಲಿ ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನವಿತ್ತು. ಇಲ್ಲಿನ ವಿದ್ಯಾರಣ್ಯ ಕನ್ನಡ ಕೂಟದವರ ಮನೆಗಳಲ್ಲೆಲ್ಲ ಅದರದೇ ಓಡಾಟ. ಅದಕ್ಕೆ ಆಗುವಂತೆ ಅಪ್ಪಯ್ಯ, ಅಮ್ಮ ಕುಂದಾಪುರದಿಂದ ಬಂದು ನಮ್ಮಲ್ಲಿ ಉಳಿದರು. ಗ್ಲೆಂಡೇಲ್ ಹೈಟ್ಸ್ ಊರೆಂದು ಹೇಳುವಂಥ ಊರಲ್ಲ. 1959ರಲ್ಲಿ ಹಳ್ಳಿಯಾಗಿ ನೋಂದಾಯಿಸಿಕೊಂಡ, ಆರ್ಮಿ ಟ್ರೇಲ್ ರಸ್ತೆ ಮತ್ತು ನಾರ್ತ್ ಅವೆನ್ಯೂಗಳ ನಡುವೆ ಹರಡಿಕೊಂಡ ಮನೆಗಳ ಗುಂಪು. ಪಕ್ಕದಲ್ಲೇ 355ನೇ ಹೆದ್ದಾರಿ ಮೊರೆಯುತ್ತದೆ. ಕಾರಿಲ್ಲದವರಿಗೆ ಇಲ್ಲಿ ಕಾಲಿಲ್ಲ. ಹಗಲು ನಾವು ಕೆಲಸಕ್ಕೆ ಹೋದರೆ ಅಪ್ಪಯ್ಯನಿಗೆ ಇದ್ದದ್ದು ಫುಲ್ಲರ್ಟನ್ ರಸ್ತೆಯ ಗ್ಲೆನ್‌ಸೈಡ್ ಗ್ರಂಥಾಲಯ, ಮತ್ತು ಸೂಟ್‌ಕೇಸಿನಲ್ಲಿ ಪಂಚೆಯೊಳಗೆ ಸುತ್ತಿ ತಂದಿದ್ದ ಕಾಳಿಂಗ ನಾವಡರ ಕ್ಯಾಸೆಟ್ಟುಗಳು.

ಗುಂಡ್ಮಿಯ ಕಾಳಿಂಗ ನಾವಡರ ಹೆಸರು ಯಕ್ಷಗಾನದ ಬಡಗುತಿಟ್ಟಿನ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಸಾಲಿಗ್ರಾಮ ಮೇಳದ ಭಾಗವತರಾಗಿ ಅವರು ಎತ್ತಿದ ಶ್ರುತಿಗೆ ಬಯಲಿನ ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವನೂ ಎದ್ದು ಕೂರುತ್ತಿದ್ದ. ‘ನಾಗಶ್ರೀ’ ಪ್ರಸಂಗ ಬರೆದವರೂ ಅವರೇ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತರ ಆಸುಪಾಸು. ಆಮೇಲೆ ಉಳಿದದ್ದು ಕ್ಯಾಸೆಟ್ಟುಗಳು. ನಮ್ಮ ಕರಾವಳಿಯ ಮಳೆಗಾಲ ಕ್ಯಾಸೆಟ್ಟಿನ ಟೇಪಿಗೆ ಬಿಳಿ ಬೂಷ್ಟು ಹಿಡಿಸಿಬಿಡುತ್ತದೆ. “ಇನ್ನ್ ಎರಡ್ ಮಳಿ ಕಂಡ್ರೆ ಇವ್ ಹೋಪುದೇ. ನಿನ್ನ ಕಂಪ್ಯೂಟ್ರಿಗೆ ಹಾಕಿ ಇಡುಕಾತ್ತಾ ಕಾಣ್” ಅಂದರು ಅಪ್ಪಯ್ಯ.

ಡೌನರ್ಸ್ ಗ್ರೋವಿನ ಫ್ರೈಸ್ ಅಂಗಡಿಯಲ್ಲಿ ರಿಯಾಯಿತಿಗೆ ಕೊಂಡ ಲ್ಯಾಪ್‌ಟಾಪೊಂದಿತ್ತು. ಅದಕ್ಕೆ ಆ ಏಪ್ರಿಲಿನಲ್ಲಿ ಬಿಡುಗಡೆಯಾಗಿದ್ದ ಉಬುಂಟು ಲಿನಕ್ಸಿನ 8.04 ಆವೃತ್ತಿ ಹಾಕಿದ್ದೆ. ಕಚೇರಿಯ ಕೆಲಸ ಪೂರ್ತಿ ಟರ್ಮಿನಲ್ಲಿನಲ್ಲೇ ನಡೆಯುತ್ತಿದ್ದುದರಿಂದ ಸದ್ದಿನ ಗೊಡವೆಗೆ ಹೋಗಿರಲಿಲ್ಲ. ಈಗ ನೋಡಿದರೆ ಸ್ಪೀಕರು ಮೂಕ. ಹಾಗೆಂದು ಲಿನಕ್ಸಿಗೆ ಸೌಂಡ್ ಕಾರ್ಡು ಕಾಣದೆ ಇಲ್ಲ. ಪಟ್ಟಿ ಕೇಳಿದರೆ ಅದರ ಹೆಸರನ್ನು ಠೀವಿಯಿಂದಲೇ ಹೇಳುತ್ತಿತ್ತು. ಮಿಕ್ಸರಿನಲ್ಲಿ ಎಲ್ಲ ಕಂಬಗಳೂ ತುದಿ ಮುಟ್ಟಿದ್ದವು, ಎಂಎಂ ಎಲ್ಲೂ ಇರಲಿಲ್ಲ. ಹೆಡ್‌ಫೋನು ಚುಚ್ಚಿದರೆ ಸ್ಪಷ್ಟವಾಗಿ ಕೇಳುತ್ತಿತ್ತು. ತೆಗೆದರೆ ಮತ್ತೆ ಏನೂ ಇಲ್ಲ.

ಡೆಟ್ರಾಯ್ಟ್ ಬಳಿಯ ಟ್ರಾಯ್‌ನಲ್ಲಿ, ಕಾರುಗಳ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದ ಹಾಸನದ ಗೆಳೆಯನೊಬ್ಬನಿದ್ದ. ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಹೆಡ್‌ಫೋನಲ್ಲಿ ಬರ್ತಿದೆ ಅಂದ್ರೆ ಚಿಪ್ ನೆಟ್ಟಗಿದೆ ಕಣೋ. ಸ್ಪೀಕರಿಗೆ ಬೇರೆ ಆಂಪ್ಲಿಫೈಯರ್ ಇರುತ್ತೆ. ಬ್ಯಾಟರಿ ಉಳಿಸೋಕೆ ಅದನ್ನ ಆಫ್ ಮಾಡಿಟ್ಟಿರ್ತಾರೆ. ಆನ್ ಮಾಡು ಅಂತ ಅದಕ್ಕೆ ಯಾರೂ ಹೇಳ್ತಿಲ್ಲ, ಅಷ್ಟೇ. ಇಎಪಿಡಿ ಅಂತ ಹುಡುಕು.”

ಹುಡುಕುವ ಜಾಗ ಯಂತ್ರದೊಳಗೇ ಇತ್ತು. ಪ್ರೋಕ್ ಎಂಬ ಕಡತಕೋಶದಲ್ಲಿ, ಆಸೌಂಡ್ ಎಂಬುದರ ಕೆಳಗೆ, ಸದ್ದಿನ ಚಿಪ್ಪು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಒಂದು ಉದ್ದನೆಯ ಕಡತವಿರುತ್ತದೆ. ಅದನ್ನು ಮೊದಲ ಸಲ ಸಾವಧಾನವಾಗಿ ಓದಿದೆ. ಚಿಪ್ಪಿನ ಪ್ರತಿಯೊಂದು ಕಾಲಿಗೂ 32 ಬಿಟ್ಟಿನ ಒಂದು ಸಂಖ್ಯೆ. ಆ ಸಂಖ್ಯೆಯಲ್ಲೇ ಎಲ್ಲ ಅಡಗಿದೆ: ಈ ಕಾಲಿಗೆ ಸಿಕ್ಕಿಸಿರುವುದು ಸ್ಪೀಕರೋ ಮೈಕೋ, ಪೆಟ್ಟಿಗೆಯ ಒಳಗೋ ಹೊರಗೋ, ಎಡಕ್ಕೋ ಮುಂದಕ್ಕೋ, ತೂತಿನ ಬಣ್ಣ ಹಸಿರೋ ಗುಲಾಬಿಯೋ. ಇದನ್ನು ತುಂಬಿಸಬೇಕಾದದ್ದು ಯಂತ್ರದ ಬಯಾಸ್, ಅಂದರೆ ತಯಾರಕರು. ನನ್ನ ಯಂತ್ರದ ಕಡತದಲ್ಲಿ 411111ಎಫ್0 ಎಂಬ ಒಂದೇ ಸಂಖ್ಯೆ ಮತ್ತೆ ಮತ್ತೆ ಬರುತ್ತಿತ್ತು. ಇಲ್ಲಿ ಏನೂ ಜೋಡಿಸಿಲ್ಲ ಎಂದು ಹೇಳಲು ತಯಾರಕರು ಸಾಮಾನ್ಯವಾಗಿ ಬರೆಯುವ ಸಂಖ್ಯೆ ಅದು. ಲಿನಕ್ಸ್ ಅದನ್ನು ಬಿಡಿಸಿ ಓದಿದಾಗ ‘ಹಿಂಭಾಗದ ಕಪ್ಪು ತೂತಿನ ಸ್ಪೀಕರು, ಇಲ್ಲ’ ಎಂದು ಬರುತ್ತದೆ. ಇರುವ ಸ್ಪೀಕರಿನ ಕಾಲಿಗೂ ನನ್ನ ಯಂತ್ರದಲ್ಲಿ ಇದೇ ಶರಾ.

ಅದು ಹಾಗಿದ್ದೂ ವಿಂಡೋಸಿನಲ್ಲಿ ಸದ್ದು ಬರುವುದು ಹೇಗೆ? ತಯಾರಕರು ವಿಂಡೋಸಿಗೆ ಕೊಡುವ ಡ್ರೈವರಿನ ಜತೆಯಲ್ಲೇ ಸರಿಯಾದ ಪಟ್ಟಿಯನ್ನೂ ಇಟ್ಟುಬಿಡುತ್ತಾರೆ. ಬಯಾಸಿನಲ್ಲಿ ಏನೇ ಇರಲಿ, ಈ ಖಾಸಗಿ ಪಟ್ಟಿ ಅದರ ಮೇಲೆ ಕೂರುತ್ತದೆ. ಲಿನಕ್ಸಿಗೆ ಸಿಗುವುದು ಮಾತ್ರ ಆ ಅಧಿಕೃತ, ಅರೆಬರೆ ದಾಖಲೆ. ಅದನ್ನೇ ನಂಬಿ ಅದು ಸುಮ್ಮನೆ ಕೂತಿತ್ತು.

ಇದನ್ನೆಲ್ಲ ಹಿಂದೆ ನಿಂತು ನೋಡುತ್ತಿದ್ದ ಅಪ್ಪಯ್ಯನಿಗೆ ವಿವರಿಸಿದೆ. ಅವರು ಗ್ರಾಮಲೆಕ್ಕಿಗರಾಗಿ ನಿವೃತ್ತರಾದವರು. ‘ಭೂಮಿ’ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋಗುವಾಗ ಹಳೆಯ ಕೈಬರಹಗಳನ್ನು ತಾಳೆ ನೋಡಿದವರು. ಕನ್ನಡಕ ಏರಿಸಿಕೊಂಡು ಪರದೆಯ ಸಾಲುಗಳನ್ನು ನೋಡಿದರು. “ಗದ್ದೆ ಇತ್ತ್, ಪಹಣಿಯಗೆ ಹೆಸ್ರಿಲ್ಲ. ಅಷ್ಟೇ ಅಲ್ದಾ?” ಅಂದರು. ಅಷ್ಟೇ. ಸದ್ದಿನ ಡ್ರೈವರುಗಳ ಬಗ್ಗೆ ನಾನು ಆಮೇಲೆ ಓದಿದ ಯಾವ ಕೈಪಿಡಿಯೂ ಇಷ್ಟು ಚಿಕ್ಕದಾಗಿ ಹೇಳಲಿಲ್ಲ.

ತಿದ್ದುಪಡಿಗೆ ದಾರಿ ಇತ್ತು. ಕರ್ನೆಲ್ಲಿನ ದಾಖಲೆಗಳಲ್ಲಿ ಆಲ್ಸಾದ್ದೊಂದು ಕಡತವಿದೆ; ಅದರಲ್ಲಿ ಒಂದೊಂದು ಚಿಪ್ಪಿಗೂ ‘ಮಾಡೆಲ್’ ಹೆಸರುಗಳ ಪಟ್ಟಿ. 6ಸ್ಟ್ಯಾಕ್, 3ಸ್ಟ್ಯಾಕ್, ಲ್ಯಾಪ್‌ಟಾಪ್, ಲ್ಯಾಪ್‌ಟಾಪ್-ಇಎಪಿಡಿ. ಒಂದೊಂದು ಹೆಸರೂ ಒಂದೊಂದು ಬಗೆಯ ಜೋಡಣೆಯನ್ನು ಹೇಳುತ್ತದೆ. ಕೊನೆಯದು ಗೆಳೆಯ ಹೇಳಿದ ಆ ಹೊರಗಿನ ಆಂಪ್ಲಿಫೈಯರನ್ನು ಎಬ್ಬಿಸುವಂಥದ್ದು. ಮಾಡ್‌ಪ್ರೋಬ್ ಕಡತದ ತಳದಲ್ಲಿ ಆ ಹೆಸರಿನ ಒಂದೇ ಸಾಲು ಸೇರಿಸಿ, ಡ್ರೈವರನ್ನು ಇಳಿಸಿ ಮತ್ತೆ ಏರಿಸಿದೆ. ಸ್ಪೀಕರು ‘ಟಪ್’ ಅಂತು. ಅಲ್ಲಿಯವರೆಗೆ ಆ ಸದ್ದೂ ಬಂದಿರಲಿಲ್ಲ. ಪರೀಕ್ಷೆಯ ಆಜ್ಞೆ ಕೊಟ್ಟರೆ ‘ಮುಂದೆ ಎಡ, ಮುಂದೆ ಬಲ’ ಎಂದು ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಹೇಳಿತು. “ಯಾರಾ ಅದ್?” ಎಂದು ಅಡುಗೆಮನೆಯಿಂದ ಅಮ್ಮ ಕೇಳಿದರು.

ಆದರೆ ಅಪ್ಪಯ್ಯನಿಗೆ ಬೇಕಾಗಿದ್ದದ್ದು ಸದ್ದು ಹೊರಗೆ ಬರುವುದಲ್ಲ, ಒಳಗೆ ಹೋಗುವುದು. ಲಿನಕ್ಸಿನಲ್ಲಿ ಅದು ಇನ್ನೊಂದು ಪರ್ವ. ಆಲ್ಸಾಮಿಕ್ಸರಿನಲ್ಲಿ ಎಫ್4 ಒತ್ತಿ ಒಳಹರಿವಿನ ಪುಟಕ್ಕೆ ಹೋಗಬೇಕು, ಹಲವು ಮೂಲಗಳಲ್ಲಿ ಸರಿಯಾದದ್ದನ್ನು ಆರಿಸಬೇಕು, ಸ್ಪೇಸ್ ಒತ್ತಿ ಕ್ಯಾಪ್ಚರ್ ಎಂಬ ಕೆಂಪು ಅಕ್ಷರ ಮೂಡಿಸಬೇಕು. ಅದಿಲ್ಲದಿದ್ದರೆ ಗಂಟೆಗಟ್ಟಲೆ ಧ್ವನಿಮುದ್ರಿಸಿ ಸೊನ್ನೆಗಳನ್ನಷ್ಟೇ ಕೂಡಿಡುತ್ತೇವೆ. ಲ್ಯಾಪ್‌ಟಾಪಿನ ಗುಲಾಬಿ ತೂತು ಮೈಕಿಗೆಂದೇ ಇರುವಂಥದ್ದು. ಮೈಕಿನಿಂದ ಬರುವ ಸಂಕೇತ ಬಲು ಕ್ಷೀಣ. ಅದಕ್ಕಾಗಿ ಮೈಕ್ ಬೂಸ್ಟ್ ಎಂಬ ಕಂಬವೊಂದು ಅದನ್ನು ಮೊದಲೇ ಹಲವು ಪಟ್ಟು ಹಿಗ್ಗಿಸಿಬಿಡುತ್ತದೆ. ಕ್ಯಾಸೆಟ್ಟು ಓಡಿಸುವ ವಾಕ್‌ಮನ್ನಿನ ಹೆಡ್‌ಫೋನ್ ತೂತಿನಿಂದ ಬರುವುದಾದರೋ ಅದಕ್ಕಿಂತ ಎಷ್ಟೋ ಜೋರು. ಬೂಸ್ಟ್ ಹಾಗೇ ಬಿಟ್ಟರೆ ಚಂಡೆಯ ಪೆಟ್ಟೆಲ್ಲ ಹರಿದ ತಗಡಿನ ಸದ್ದಾಗುತ್ತದೆ. ಬೂಸ್ಟನ್ನು ಸೊನ್ನೆಗಿಳಿಸಿ, ವಾಕ್‌ಮನ್ನಿನ ದನಿಯನ್ನು ಅರ್ಧಕ್ಕಿಟ್ಟು, ಏರುಪದ ಬರುವ ಜಾಗ ಹುಡುಕಿ ಅಲ್ಲಿಗೆ ಮಟ್ಟ ಹೊಂದಿಸಬೇಕು. ಆ ಜಾಗಗಳನ್ನು ತೋರಿಸಿಕೊಡಲು ಅಪ್ಪಯ್ಯ ಇದ್ದರು. ಯಾವ ಕ್ಯಾಸೆಟ್ಟಿನ ಯಾವ ಬದಿಯಲ್ಲಿ ನಾವಡರು ಎಲ್ಲಿ ಎತ್ತುತ್ತಾರೆಂಬುದು ಅವರಿಗೆ ಬಾಯಿಪಾಠ.

ಸಿಡಿ ಗುಣಮಟ್ಟ ಎಂದರೆ ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್. ಲೆಕ್ಕ ಹಾಕಿದರೆ ನಿಮಿಷಕ್ಕೆ ಹತ್ತು ಎಂಬಿಗೆ ಸ್ವಲ್ಪ ಮೇಲೆ. 60 ನಿಮಿಷದ ಒಂದು ಕ್ಯಾಸೆಟ್ಟು 700 ಎಂಬಿಯ ಒಂದು ಸಿಡಿಯಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಕ್ಯಾಸೆಟ್ಟನ್ನು ಓಡಿಸುವಷ್ಟು ಹೊತ್ತೂ ಕಾಯಲೇಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಹಾಗಾಗಿ ಆ ಬೇಸಿಗೆಯಲ್ಲಿ ನಾವಿಬ್ಬರೂ ಬಹಳ ಯಕ್ಷಗಾನ ಕೇಳಿದೆವು. ಕುಂದಾಪುರದಲ್ಲಿ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ನನಗೆ ನೆನಪಿಲ್ಲ.

ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ನನ್ನ ಲ್ಯಾಪ್‌ಟಾಪನ್ನು ಕಣ್ಣಲ್ಲಿ ಕಾಣದೆಯೇ ಅದಕ್ಕೆ ಸರಿಹೊಂದುವ ಆ ಮಾಡೆಲನ್ನು ಬರೆದಿಟ್ಟವರು ಯಾರು? ಇಂಟೆಲ್ ಎಚ್‌ಡಿಎ ಡ್ರೈವರು 2005ರಲ್ಲಿ ಕರ್ನೆಲ್ಲಿಗೆ ಸೇರಿತು. ಅದನ್ನು ಬರೆದು, ಅಂದಿನಿಂದ ಕಾಯ್ದುಕೊಂಡು ಬಂದವರಲ್ಲಿ ಮುಖ್ಯರು ಜರ್ಮನಿಯ ಸೂಸೆ ಸಂಸ್ಥೆಯಲ್ಲಿರುವ ಜಪಾನಿನ ತಕಾಶಿ ಇವಾಯ್. ಅವರ ಬಳಿ ಜಗತ್ತಿನ ಲ್ಯಾಪ್‌ಟಾಪುಗಳೆಲ್ಲ ಇರಲು ಸಾಧ್ಯವಿಲ್ಲ. ಯಾವುದೋ ಊರಿನ ಯಾರೋ ತಮ್ಮ ಯಂತ್ರದ ಆ ಉದ್ದನೆಯ ಕಡತವನ್ನು ಕಳಿಸುತ್ತಾರೆ: ಸ್ಪೀಕರು ಬರುತ್ತಿಲ್ಲ, ಹೆಡ್‌ಫೋನು ಬರುತ್ತಿದೆ, ಹೀಗೆ ಮಾಡಿದರೆ ಹೀಗಾಯಿತು. ಅದನ್ನು ನೋಡಿ ಡ್ರೈವರಿನೊಳಗಿನ ಪಟ್ಟಿಗೆ ಒಂದು ಸಾಲು ಸೇರುತ್ತದೆ: ಇಂಥ ಗುರುತಿನ ಸಂಖ್ಯೆಯ ಯಂತ್ರ ಸಿಕ್ಕರೆ ಇಂಥ ತಿದ್ದುಪಡಿ. ಮುಂದಿನ ಕರ್ನೆಲ್ಲಿನಿಂದ ಆ ಮಾದರಿಯ ಲ್ಯಾಪ್‌ಟಾಪ್ ಕೊಂಡವರಿಗೆಲ್ಲ ಮೊದಲ ದಿನವೇ ಸದ್ದು. ತಮಗೊಂದು ಉಪಕಾರವಾಗಿದೆಯೆಂಬುದೂ ಅವರಿಗೆ ಗೊತ್ತಾಗುವುದಿಲ್ಲ. ಇಂಥ ಸಾಲುಗಳು ಆ ಡ್ರೈವರಿನಲ್ಲಿ ನೂರಾರು ಇವೆ. ತಯಾರಕರು ಬರೆಯದೆ ಬಿಟ್ಟದ್ದನ್ನು ಬಳಸುವವರು ಒಂದೊಂದಾಗಿ ಬರೆದು ತುಂಬಿಸಿದ್ದಾರೆ. ನಾನೂ ನನ್ನ ಯಂತ್ರದ ಕಡತವನ್ನು, ಸೇರಿಸಿದ ಸಾಲಿನ ಜತೆಗೆ, ಕಳಿಸಿಕೊಟ್ಟೆ.

ಆ ಹೊತ್ತಿನಿಂದೀಚೆಗಿನದು ಲಿನಕ್ಸ್ ಬಳಸುವವರಿಗೆಲ್ಲ ಗೊತ್ತಿರುವ ಕತೆ. 2007ರ ಕೊನೆಗೆ ಫೆಡೋರಾ ಲಿನಕ್ಸಿನ 8ನೇ ಆವೃತ್ತಿಯಲ್ಲೂ ಮರುವರ್ಷ ಉಬುಂಟುವಿನಲ್ಲೂ ಬಂದ, ತಂತ್ರಾಂಶಗಳ ಸದ್ದನ್ನೆಲ್ಲ ಕೂಡಿಸಿ ಡ್ರೈವರಿಗೆ ಒಪ್ಪಿಸುವ ಪಲ್ಸ್‌ಆಡಿಯೋ ಮೊದಮೊದಲು ಬೈಗುಳ ತಿಂದದ್ದೇ ಹೆಚ್ಚು. ಲೆನಾರ್ಟ್ ಪೊಟರಿಂಗ್ ಶುರುಮಾಡಿದ ಆ ತಂತ್ರಾಂಶ ಡ್ರೈವರುಗಳಿಂದ ಹಿಂದೆ ಯಾರೂ ಕೇಳದಷ್ಟು ಕರಾರುವಾಕ್ಕಾದ ಲೆಕ್ಕ ಕೇಳುತ್ತಿತ್ತು. ಅಲ್ಲಿಯವರೆಗೆ ಮುಚ್ಚಿಕೊಂಡಿದ್ದ ಡ್ರೈವರ್ ಹುಳುಕುಗಳೆಲ್ಲ ಒಟ್ಟಿಗೆ ಹೊರಬಿದ್ದವು. 2011ರ ಹೊತ್ತಿಗೆ ಸ್ವೀಡನ್ನಿನ ಡೇವಿಡ್ ಹೆನ್ನಿಂಗ್‌ಸನ್ ಬರೆದ ಪುಟ್ಟ ತಂತ್ರಾಂಶದಿಂದ, ಚಿಪ್ಪಿನ ಯಾವ ಕಾಲು ಯಾವುದಕ್ಕೆಂದು ಮೌಸಿನಲ್ಲೇ ಆರಿಸುವಂತಾಯಿತು. 2021ರ ಏಪ್ರಿಲಿನಲ್ಲಿ ಫೆಡೋರಾ 34 ಪಲ್ಸ್‌ಆಡಿಯೋ ಜಾಗಕ್ಕೆ ವಿಮ್ ಟೈಮನ್ಸ್ ಅವರ ಪೈಪ್‌ವೈರನ್ನು ತಂದಾಗ ಹೆಚ್ಚಿನವರಿಗೆ ಬದಲಾದದ್ದೇ ತಿಳಿಯಲಿಲ್ಲ. ಮೂಲಸೌಕರ್ಯದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಡ.

ಕಷ್ಟ ಮುಗಿಯಿತೆಂದಲ್ಲ; ಜಾಗ ಬದಲಿಸಿತು. 2020ರ ಮಾರ್ಚಿನಲ್ಲಿ ಇಲಿನಾಯ್‌ನ ಶಾಲೆಗಳೆಲ್ಲ ಮುಚ್ಚಿ ಮಕ್ಕಳು ಮನೆಯಲ್ಲೇ ಕೂತಾಗ, ಮಗಳ ಪಾಠಕ್ಕೆಂದು ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟೆ. ಸ್ಪೀಕರು ಚೆನ್ನಾಗಿತ್ತು, ಮೈಕೇ ಪಟ್ಟಿಯಲ್ಲಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಜಿಟಲ್ ಮೈಕುಗಳ ತಂತಿ ಹಲವು ಸಲ ಹಳೆಯ ಸದ್ದಿನ ಚಿಪ್ಪಿಗೆ ಹೋಗುವುದೇ ಇಲ್ಲ. ನೇರವಾಗಿ ಇಂಟೆಲ್ಲಿನ ಮುಖ್ಯ ಚಿಪ್ಪಿನೊಳಗಿರುವ ಸದ್ದಿನ ಪ್ರೊಸೆಸರಿಗೆ ಹೋಗುತ್ತದೆ. ಆ ಪ್ರೊಸೆಸರು ಏಳಬೇಕಾದರೆ ಅದಕ್ಕೆ ಫರ್ಮ್‌ವೇರು ಬೇಕು. ಅದರ ಹೆಸರು ಸೌಂಡ್ ಓಪನ್ ಫರ್ಮ್‌ವೇರ್. 2018ರಿಂದ ಮುಕ್ತ ತಂತ್ರಾಂಶ. ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ತಿದ್ದಿದ್ದನ್ನು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಲ್ಯಾಪ್‌ಟಾಪುಗಳು ಒಪ್ಪಿಕೊಳ್ಳುವುದಿಲ್ಲ. ಇಂಟೆಲ್ಲಿನ ಡಿಜಿಟಲ್ ಸಹಿ ಇರುವ ಪ್ರತಿಯೇ ಆಗಬೇಕು. ಹೊಸ ಕರ್ನೆಲ್ಲು, ಆ ಫರ್ಮ್‌ವೇರಿನ ಪ್ಯಾಕೇಜು ಎರಡನ್ನೂ ಹಾಕಿದೆ, ಮೈಕು ಬಂತು. ಒಂದು ಊಟದ ಹೊತ್ತಿನ ಕೆಲಸ.

ಆದರೂ 2008ರ ಯಂತ್ರದ ಮೇಲೆ ನನಗೆ ಹೆಚ್ಚು ಗೌರವ. ಅಲ್ಲಿ ಎಡವಟ್ಟು ಇದ್ದದ್ದು ದಾಖಲೆಯಲ್ಲಿ. ಓದಲು ಬರುವವನಿಗೆ ಅದು ತೆರೆದಿತ್ತು, ಒಂದೇ ಸಾಲಿನಲ್ಲಿ ತಿದ್ದುವ ಹಕ್ಕೂ ಅವನಿಗಿತ್ತು. ಈಗ ಯಂತ್ರ ಹೆಚ್ಚು ಸಲ ಸರಿಯಾಗಿಯೇ ನಡೆಯುತ್ತದೆ. ನಡೆಯದಿದ್ದಾಗ ಕಾರಣವನ್ನು ಓದಿ ತಿಳಿಯಬಹುದು, ಕೈಹಾಕಲು ಮಾತ್ರ ಬೇರೆಯವರ ಸಹಿ ಬೇಕು. ಹಾಗೆಂದು ಹಳೆಯದೇ ಚೆನ್ನ ಎಂದು ನಾನು ಹೇಳುವುದಿಲ್ಲ. ಪಾಠಕ್ಕೆ ಕೂತ ಮಗುವಿಗೆ ಚಿಪ್ಪಿನ ಕಾಲುಗಳ ಪುರಾಣ ಬೇಡ, ಟೀಚರಿಗೆ ತನ್ನ ದನಿ ಕೇಳಿದರೆ ಸಾಕು.

ನಾವಡರ ಕ್ಯಾಸೆಟ್ಟುಗಳು ಸಿಡಿಯಾಗಿ, ಆಮೇಲೆ ಪೆನ್‌ಡ್ರೈವಿಗೇರಿ ಕುಂದಾಪುರದ ನೆಂಟರ ಮನೆಗಳಿಗೆಲ್ಲ ಹೋದವು. ಕಾರಿನಲ್ಲಿ ಅವನ್ನು ಹಾಕಿಕೊಂಡು ಓಡಾಡುವ ಅಣ್ಣತಮ್ಮಂದಿರಿಗೆ ಅವು ಗ್ಲೆಂಡೇಲ್ ಹೈಟ್ಸಿನಿಂದ ಬಂದವೆಂದೂ ಗೊತ್ತಿಲ್ಲ, ತಕಾಶಿ ಇವಾಯ್ ಎಂಬ ಹೆಸರೂ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ನಮ್ಮವರಲ್ಲಿ ಲಿನಕ್ಸ್ ಬಳಸುವ ಹುಡುಗರು ಈಗ ಧಾರಾಳವಾಗಿದ್ದಾರೆ; ಬೆಂಗಳೂರಿನಲ್ಲಂತೂ ಅದರಿಂದಲೇ ಅನ್ನ ತಿನ್ನುವವರು ಸಾವಿರಾರು. ಅವರಲ್ಲಿ ಯಾರಾದರೂ ಮೈಕು ಬರುತ್ತಿಲ್ಲ, ಸ್ಪೀಕರು ಬರುತ್ತಿಲ್ಲ ಎಂದು ಫೋನ್ ಮಾಡಿದರೆ ಗೊತ್ತಿದ್ದಷ್ಟು ಹೇಳುತ್ತೇನೆ. ಸದ್ದು ಬಂದ ಮೇಲೆ ಅವರಿಂದ ಒಂದು ಕೆಲಸ ಮಾಡಿಸುತ್ತೇನೆ. ಆಲ್ಸಾ-ಇನ್ಫೋ ಎಂಬ ಸ್ಕ್ರಿಪ್ಟು ಓಡಿಸಿ, ಯಾವ ಯಂತ್ರ, ಯಾವ ಚಿಪ್ಪು, ಯಾವ ಸಾಲು ಸೇರಿಸಿದ ಮೇಲೆ ಸರಿಯಾಯಿತು ಎಂಬುದನ್ನು ಬರೆದು ಡ್ರೈವರ್ ನೋಡಿಕೊಳ್ಳುವವರಿಗೆ ಕಳಿಸು ಅನ್ನುತ್ತೇನೆ. ಕಳಿಸಿದೆಯಾ ಎಂದು ವಾರ ಬಿಟ್ಟು ಮತ್ತೆ ಕೇಳುತ್ತೇನೆ. ಕಳಿಸಿದವರಿದ್ದಾರೆ, ಕಳಿಸದೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟವರೂ ಇದ್ದಾರೆ.